ಒಂದು ಬೆರಳಿನ ಸಂದು

ಕೊಳೆತ ಕಿತ್ತಳೆಯ ಜೊತೆ ಡೀಸೆಲ್ ಬೆರೆತ ವಾಸನೆ ಮೂಗಿಗೆ ತಾಗಿದರೆ ಸಾಕು, ಕೊನಾಡುವಿನ ತೊಡೆಯ ಮೇಲೆ ಅಮ್ಮನ ತಲೆ ಮತ್ತೆ ಎಗರೆಗರಿ ಬೀಳುತ್ತಿತ್ತು. ಹಣ್ಣಿನ ಲಾರಿಯಲ್ಲಿ ಆಸ್ಪತ್ರೆಗೆ ಹೋದ ಆ ದಾರಿಯಲ್ಲೇ ಅಮ್ಮ ಹೊಟ್ಟೆಯ ಮಗುವನ್ನು ಕಳೆದುಕೊಂಡಿದ್ದಳು. ಆಗ ಕೊನಾಡು ಇನ್ನೂ ಚಿಕ್ಕವಳು.

ಈಗ ಕುಮಾಸಿ ಪಟ್ಟಣದ ಗ್ಯಾರೇಜು ಸಾಲಿನಲ್ಲಿ ಕೆಲಸ ಕಲಿಯುತ್ತಿದ್ದ ಅವಳು, ಒಂದು ಹಳ್ಳಿ ಆಸ್ಪತ್ರೆಯ ವ್ಯಾನಿಗೆ, ಕುಲುಕಾಟ ತಡೆಯುವ ಬಿಲ್ಲಿನಂತೆ ಬಾಗಿದ ಸ್ಪ್ರಿಂಗ್ ಪ್ಲೇಟುಗಳನ್ನು ತಾನೇ ಲೆಕ್ಕ ಹಾಕಿ ಕೂರಿಸಿದ್ದಳು. ಮೊದಲ ಸ್ವಂತ ಕೆಲಸ. ಮರುದಿನ ಸಂಜೆ ನರ್ಸ್ ಬಂದು ಗಾಡಿ ಒಯ್ಯುವವಳಿದ್ದಳು. ಆ ದಿನ ಬೆಳಿಗ್ಗೆ ಕೊನಾಡು ಬಂದು ನೋಡಿದರೆ ವ್ಯಾನಿನ ಹಿಂಭಾಗ ಎತ್ತರಕ್ಕೆ ನಿಂತಿದೆ. ಎರಡೂ ಪಕ್ಕ ಯಾರೋ ಒಂದೊಂದು ದಪ್ಪ ಪ್ಲೇಟು ಸೇರಿಸಿದ್ದರು.

"ಯಾರನ್ನ ಕೇಳಿ ಹಾಕಿದ್ರಿ?" ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದಳು.

"ನನ್ನ ಗ್ಯಾರೇಜಲ್ಲಿ ನಾನು ಯಾರನ್ನಮ್ಮ ಕೇಳ್ಬೇಕು?" ಮಾಸ್ಟರ್ ಅಸಿಯಾಮ ಗಂಜಿ ಕುಡಿಯುತ್ತಲೇ ಹೇಳಿದ. "ಪ್ಲೇಟು ಮುರಿದ್ರೆ ಉಗಿಯೋದು ನನ್ನ ಮುಖಕ್ಕೆ. ಇದೇನು ಮದುಮಗಳ ಹಾಸಿಗೇನಾ, ಮೆತ್ತಗಿರೋಕೆ?"

"ಗೆಣಸಿನ ಲಾರೀನೂ ಅಲ್ಲ. ಹತ್ತಿ ಮಲಕ್ಕೊಳ್ಳಿ ಮಾಸ್ಟರ್. ನಾನು ಓಡಿಸ್ತೀನಿ."

ಪಕ್ಕದ ಗ್ಯಾರೇಜಿನವರು ಕೇಕೆ ಹಾಕಿದರು. ಮರ್ಯಾದೆಯ ಪ್ರಶ್ನೆಯಾಗಿ ಅಸಿಯಾಮ ವ್ಯಾನಿನೊಳಗಿನ ಸ್ಟ್ರೆಚರಿನ ಮೇಲೆ ಮಲಗಿದ. ಅವಳು ರಸ್ತೆಯ ಒಂದು ಗುಂಡಿಯನ್ನೂ ತಪ್ಪಿಸಲಿಲ್ಲ. ಇಳಿಯುವಾಗ ಅವನು ಸೊಂಟ ಹಿಡಿದುಕೊಂಡಿದ್ದ.

"ಬಿಚ್ಚು," ಎಂದ.

ದಪ್ಪ ಪ್ಲೇಟುಗಳನ್ನು ಬಿಚ್ಚಿದಳು. ಬೋಲ್ಟು ಬಿಗಿದು ಮುಗಿಸುವಷ್ಟರಲ್ಲಿ ಅವನು ಬೀದಿಗೆಲ್ಲ ಕೇಳುವಂತೆ ಕೂಗಿದ: "ಬನ್ರಪ್ಪಾ, ಬನ್ರಮ್ಮಾ, ಹತ್ತಿ! ಪುಕ್ಕಟೆ ಸವಾರಿ!"

ಮೀನು ಮಾರುವ ಹೆಂಗಸರು, ಟಯರಿನವರು, ವೆಲ್ಡಿಂಗಿನವರು ನಗುತ್ತಾ ಒಳಗೆ ತುಂಬಿಕೊಂಡರು. ಕೊನಾಡು ಗಾಡಿ ಹೊರಡಿಸಿದಳು; ಮೊದಲ ಗುಂಡಿಗೇ ಚಕ್ರದ ಅಚ್ಚು ಮೇಲೆದ್ದು ಗಾಡಿಯ ಚೌಕಟ್ಟಿಗೆ ಧಡ್ಡೆಂದು ಬಡಿಯಿತು. ಮಾಸ್ಟರ್ ಮಲಗಿದ್ದಾಗಲೂ ಅಂಥ ಏಟು ಬಿದ್ದಿರಲಿಲ್ಲ.

"ನಾನು ಲೆಕ್ಕ ಹಾಕಿದ್ದು ರೋಗಿಗೆ, ನರ್ಸಿಗೆ. ಈ ಸಂತೆಗಲ್ಲ!"

"ಹೆರೋಕೆ ಹೋಗೋಳು ಒಬ್ಳೇ ಹೋಗ್ತಾಳೇನೇ? ಅತ್ತೆ ಹತ್ತಲ್ವಾ? ಚಿಕ್ಕಮ್ಮ, ಬೇಸಿನ್ ಹಿಡ್ಕೊಂಡು ತಂಗಿ?" ಎಂದ ಅಸಿಯಾಮ.

"ಇಳಿಸ್ಬೇಕು ಅವರನ್ನ!"

"ಅವತ್ತು ಅಮ್ಮನ ಜೊತೆ ಲಾರಿ ಹತ್ತಿದ್ದ ನಿನ್ನನ್ನ ಯಾರಾದ್ರೂ ಇಳಿಸಿದ್ರಾ?"

ಲಾರಿಯ ಆ ಕತೆಯನ್ನು ಅವನಿಗೆ ಹೇಳಿದ್ದವಳು ಕೊನಾಡುವೇ. ಹೊಡೆದುಬಿಡುವಷ್ಟು ಸಿಟ್ಟು, ಅವನ ಮೇಲೆ, ನಗುತ್ತಾ ಇಳಿಯುತ್ತಿದ್ದವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಬಿಚ್ಚಿ ಎಸೆದಿದ್ದ ದಪ್ಪ ಪ್ಲೇಟುಗಳನ್ನು ಕಾಲಿನಿಂದ ಒದ್ದಳು. ಒಂದು ಹೊರಳಿ ಇನ್ನೊಂದರ ಮೇಲೆ ಬಿತ್ತು. ನಡುವೆ ತಾಗಿತು, ತುದಿಗಳು ತಾಗಲಿಲ್ಲ. ಅವಳು ಅದನ್ನೇ ನೋಡುತ್ತಾ ನಿಂತಳು.

ಆಮೇಲೆ ಆ ಪ್ಲೇಟುಗಳನ್ನೇ ಕುಲುಮೆಯಲ್ಲಿ ಕಾಯಿಸಿ, ಬಾಗು ತಗ್ಗುವಂತೆ ಬಡಿಯತೊಡಗಿದಳು. ಒಂದೊಂದು ಏಟೂ ಬೈಗುಳದ ಹಾಗೆ ಬೀಳುತ್ತಿತ್ತು. ಅಸಿಯಾಮ ಇಕ್ಕಳದಲ್ಲಿ ಪ್ಲೇಟು ಹಿಡಿದು ನಿಂತ. ಪ್ಲೇಟುಗಳನ್ನು ಹದ ಮಾಡಿ, ಮಿಕ್ಕವುಗಳ ಅಡಿಯಲ್ಲಿ, ತುದಿಗೆ ಒಂದು ಬೆರಳಿನ ಸಂದು ಬಿಟ್ಟು ಕೂರಿಸಿದಳು. ರೋಗಿಯೊಬ್ಬಳೇ ಇದ್ದರೆ ಅವು ಸುಮ್ಮನಿರಬೇಕು. ಮನೆಮಂದಿಯೆಲ್ಲ ಹತ್ತಿದರೆ ಮಾತ್ರ ಭಾರಕ್ಕೆ ಹೆಗಲು ಕೊಡಬೇಕು.

"ಇನ್ನೊಂದ್ಸಲ ನನ್ನ ಕೇಳ್ದೆ ಮುಟ್ಟಿದ್ರೆ ನೋಡಿ!" ವ್ಯಾನಿನ ಅಡಿಯಿಂದಲೇ ಕೂಗಿದಳು.

ಸ್ವಲ್ಪ ಹೊತ್ತಿಗೆ ಅಸಿಯಾಮ ಚಕ್ರದ ಪಕ್ಕದಿಂದ ಒಂದು ತಟ್ಟೆಯನ್ನು ಒಳಗೆ ಸರಿಸಿದ. ಮೆಕ್ಕೆಜೋಳದ ಮುದ್ದೆಯಾದ ಕೆಂಕೆಯನ್ನು ಸಣ್ಣಗೆ ಮುರಿದು, ಮೀನಿನ ಮುಳ್ಳನ್ನೆಲ್ಲ ಆರಿಸಿ ತೆಗೆದಿದ್ದ. ಗ್ರೀಸಿನ ಕೈಗೆಂದು ಒಂದು ಚಮಚವೂ ಇತ್ತು.