ಮಣ್ಣು ಕಾಣದ ಹುಡುಗಿ

೨೦೦೧ರಲ್ಲಿ ಮದ್ರಾಸಿನ ಪೋರೂರಿನ ಮೆಡಿಕಲ್ ಕಾಲೇಜು ಸೇರಿದ ಭವಾನಿ ಮೊದಲ ಪರೀಕ್ಷೆಯಲ್ಲೇ ಎಡವಿದಳು. ಪುಸ್ತಕದ ಚಿತ್ರಗಳೆಲ್ಲ ಬಾಯಿಪಾಠವಾಗಿದ್ದವು. ಮೇಷ್ಟ್ರು ನಿಜವಾದ ತೊಡೆಯ ಎಲುಬನ್ನು ಕೈಗಿತ್ತು, ಎಡಗಾಲಿನದೋ ಬಲಗಾಲಿನದೋ ಎಂದಾಗ ತಿರುವಿ ಮುರುವಿ ನೋಡಿ ತಪ್ಪು ಹೇಳಿದಳು. ಸೀನಿಯರ್ ಶ್ರೀವಿದ್ಯಾ, ತಾನು ಓದಿ ಮುಗಿಸಿದ ಎಲುಬಿನ ಸೆಟ್ಟನ್ನು ಕೊಡುತ್ತೇನೆ, ಒಯ್ಯಿ ಎಂದಳು.

ಸತ್ತವರ ಎಲುಬು ಮನೆಗೆ ಬರುವುದಕ್ಕೆ ಅಪ್ಪ ಮುರುಗೆಪ್ಪ ಒಪ್ಪಲಿಲ್ಲ. ಬ್ಯಾಡಗಿಯಿಂದ ಬಂದು ಮದ್ರಾಸಿನಲ್ಲಿ ಮೆಣಸಿನಕಾಯಿ ವ್ಯಾಪಾರ ಹಿಡಿದವರು. ಲಿಂಗಪೂಜೆಯಾಗದೆ ನೀರೂ ಮುಟ್ಟುವವರಲ್ಲ. ಅಣ್ಣಾ ನಗರದ ಮನೆಗೆ ಪ್ಲಾಸ್ಟಿಕ್ ಎಲುಬುಗಳನ್ನು ತಂದುಕೊಟ್ಟರು. ಭವಾನಿ ಅವನ್ನೇ ಹಿಡಿದು ಓದಿದಳು. ಆದರೆ ಸ್ನಾಯು ಅಂಟುವ ಒರಟು ಗೆರೆ, ರಕ್ತನಾಳ ಹೊಗುವ ಸಣ್ಣ ತೂತು, ಯಾವುದೂ ಬೆರಳಿಗೆ ಸಿಗಲಿಲ್ಲ. ಮತ್ತೆ ನಪಾಸಾದ ದಿನ ಅಪ್ಪನನ್ನು ಕೇಳದೆ ಶ್ರೀವಿದ್ಯಾಳ ಚೀಲವನ್ನು ಮನೆಗೆ ತಂದಳು.

ಅವ್ವ ಉಮಾಮಹೇಶ್ವರಿ ಚೀಲ ಬಿಚ್ಚಿಸಿ ನೋಡಿದರು. ಬೈಯಲಿಲ್ಲ.

"ಗಂಡಸಿಂದೋ, ಹೆಂಗಸಿಂದೋ?"

ಭವಾನಿ ಸೊಂಟದ ಎಲುಬಿನ ಅಗಲವಾದ ಕಚ್ಚು ತೋರಿಸಿ, ಹೆಂಗಸಿನದು ಎಂದಳು. ಅವ್ವ ವಯಸ್ಸು ಕೇಳಿದರು. ತೊಡೆಯ ಎಲುಬಿನ ತುದಿ ಪೂರ್ತಿ ಬೆಸೆದಿರಲಿಲ್ಲ. ಗೆರೆ ಇನ್ನೂ ಕಾಣುತ್ತಿತ್ತು. ಹದಿನೆಂಟಿರಬಹುದು ಎನ್ನುವಷ್ಟರಲ್ಲಿ ಭವಾನಿಯ ದನಿ ಇಳಿಯಿತು. ಇಷ್ಟು ದಿನ ಎಲುಬೆಂದರೆ ಅವಳಿಗೆ ಬರೀ ಪಾಠವಾಗಿತ್ತು.

"ನಿನ್ನ ವಾರಿಗಿಯಾಕಿ," ಎಂದರು ಅವ್ವ. ಭವಾನಿಗೂ ಆಗ ಹದಿನೆಂಟೇ.

ಬಾಗಿಲಲ್ಲಿ ಅಪ್ಪ ನಿಂತಿದ್ದರು. ಅವ್ವ ಅವರತ್ತ ತಿರುಗಿ ಮೆಲ್ಲಗೆ ಹೇಳಿದರು: "ಯಾರ ಮಗಳೋ ಏನೋ. ಮಣ್ಣೂ ಸಿಕ್ಕಿಲ್ಲ ಈ ಕೂಸಿಗೆ. ಓದೋತನಕ ನಮ್ಮ ಮನ್ಯಾಗ ಇರ್ಲಿರಿ."

ಅಪ್ಪ ಒಳಗೆ ಹೋದರು. ಮರುದಿನ ಪೂಜೆ ಮುಗಿಸಿ ಬಂದವರೇ ತಲೆಬುರುಡೆಯ ಹಣೆಗೆ ವಿಭೂತಿ ಹಚ್ಚಿ, "ಓದವಾ" ಎಂದಷ್ಟೇ ಹೇಳಿ ಅಂಗಡಿಗೆ ಹೊರಟರು.

ವರ್ಷದ ಕೊನೆಗೆ ಭವಾನಿ ಪಾಸಾದಳು. ಸೆಟ್ಟು ತನಗೆ ಬೇಕೆಂದು ಜೂನಿಯರ್ ಮಧುರಾ ಆಗಲೇ ಕೇಳಿಟ್ಟಿದ್ದಳು. ಅವ್ವ ಮಾತ್ರ ಇನ್ನು ಆ ಹುಡುಗಿಯನ್ನು ಮಣ್ಣು ಮಾಡೋಣ ಎಂದರು. ಎರಡೂ ನ್ಯಾಯವೇ ಎನಿಸಿ ಭವಾನಿಗೆ ಹಲವು ದಿನ ನಿದ್ದೆ ಹತ್ತಲಿಲ್ಲ. ಕೊನೆಗೆ ಮಧುರಾಳಿಗೆ ಇಲ್ಲವೆಂದಳು. ತಮ್ಮವರ ರುದ್ರಭೂಮಿಯಲ್ಲಿ ಅಪ್ಪನೇ ಮೊದಲ ಹಿಡಿ ಮಣ್ಣು ಹಾಕಿದರು. ಸತ್ತವರ ಹೆಸರು ಹೇಳುವಲ್ಲಿ, ಕ್ರಿಯೆ ಮಾಡಿಸುತ್ತಿದ್ದ ಜಂಗಮರು ಏನನ್ನಲಿ ಎಂದು ಕೇಳಿದರು. ಅವ್ವ, "ನಮ್ಮ ಮಗಳು ಅನ್ರಿ" ಎಂದರು.

ಮುಂದಿನ ಸೋಮವಾರದಿಂದ ಭವಾನಿ, ಕ್ಲಾಸು ಬಿಟ್ಟ ಮೇಲೆ ಮಧುರಾಳನ್ನು ಕಾಲೇಜಿನ ಅಂಗರಚನೆಯ ಮ್ಯೂಸಿಯಮ್ಮಿಗೆ ಕರೆದೊಯ್ದು, ಅಲ್ಲಿನ ಎಲುಬುಗಳನ್ನು ಒಂದೊಂದಾಗಿ ಅವಳ ಕೈಗೆ ಕೊಟ್ಟು ಕಲಿಸತೊಡಗಿದಳು.