ಎಲ್ವಿರಾ ಅಜ್ಜಿಯ ಮಾತು

"ಇನ್ನೊಂದು ಸಲ ಓದಿ," ಎಂದ ರಘುನಂದನ್.

ವಿಮಲಾ ಹಾಳೆಯಲ್ಲಿದ್ದ ಸ್ಪ್ಯಾನಿಷ್ ಪದಗಳನ್ನು ಮತ್ತೆ ಓದಿದಳು. ಬೀದಿಗೆ 'ಕಾಷೆ' ಅಂದಳು, ಬೂಟಿಗೆ 'ಸಪಾತೊ' ಅಂದಳು. ಅವನು ಎರಡರ ಕೆಳಗೂ ಗೆರೆ ಎಳೆದ. ಮ್ಯಾಡ್ರಿಡ್‌ನವರು ಹಾಗನ್ನುವುದಿಲ್ಲ, 'ಕಾಯೆ', 'ಥಪಾತೊ' ಅನ್ನಬೇಕು ಎಂದು ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ತೋರಿಸಿದ.

ಅದು ಎರಡು ಸಾವಿರದ ಆರನೆಯ ಇಸವಿ. ದೆಹಲಿ ಪಕ್ಕದ ಗುಡಗಾಂವಿನ ಒಂದು ಕಾಲ್ ಸೆಂಟರಿನಲ್ಲಿ ಸ್ಪೇನಿನ ಹೋಟೆಲುಗಳಿಗೆ ಬರುವ ಫೋನು ಎತ್ತಲು ಜನ ಬೇಕಾಗಿದ್ದರು. ಮೈಸೂರಿನ ರಘುನಂದನ್ ದೆಹಲಿಯಲ್ಲಿ ಐದು ವರ್ಷ ಸ್ಪ್ಯಾನಿಷ್ ಓದಿ, ಅಲ್ಲಿ ತರಬೇತಿ ಕೊಡುತ್ತಿದ್ದ. ಸಂದರ್ಶನಕ್ಕೆ ಬಂದವರಲ್ಲಿ ನಲವತ್ತಾರರ ವಿಮಲಾಳೇ ಹಿರಿಯಳು. ಧಾರವಾಡದ ಕಡೆಯಿಂದ ಗಂಡನ ಜೊತೆ ದೆಹಲಿಗೆ ಬಂದವಳು, ವಿಧವೆಯಾದ ಮೇಲೆ ಅಲ್ಲಿನ ವಸಂತ ವಿಹಾರ ಬಡಾವಣೆಯ ಒಂದು ಅರ್ಜೆಂಟೀನಾ ಕುಟುಂಬದಲ್ಲಿ ಕೆಲಸಕ್ಕೆ ಸೇರಿದ್ದಳು. ಹಾಸಿಗೆ ಹಿಡಿದಿದ್ದ ಎಲ್ವಿರಾ ಅಜ್ಜಿಯನ್ನು ಒಂಬತ್ತು ವರ್ಷ ಮೀಯಿಸಿ, ಉಣಿಸಿ, ಮಗ್ಗುಲು ಬದಲಿಸಿ ನೋಡಿಕೊಂಡಳು. ಅರ್ಜೆಂಟೀನಾದ ರೊಸಾರಿಯೊ ಎಂಬ ಊರಿನ ಆ ಮುದುಕಿಗೆ ಅಲ್ಲಿಯವರು ಆಡುವ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಅವಳು ಅಂದದ್ದನ್ನು ವಿಮಲಾ ಅಂದಳು. ಮಾತು ಬಂದದ್ದು ಹಾಗೆ. ಹೋದ ಚಳಿಗಾಲ ಅಜ್ಜಿ ತೀರಿಕೊಂಡಳು, ಮನೆಯವರು ತಮ್ಮ ದೇಶಕ್ಕೆ ಮರಳಿದರು. ಐದು ತಿಂಗಳಿಂದ ವಿಮಲಾಳಿಗೆ ಕೆಲಸವಿರಲಿಲ್ಲ.

ರಘುನಂದನ್ ಗ್ರಾಹಕನಂತೆ ನಟಿಸಿ ರೂಮು ಕೇಳಿದಾಗ ಅವಳು ಸಲೀಸಾಗಿಯೇ ಮಾತಾಡಿದಳು, ಆದರೆ ಅವನನ್ನು 'ವೋಸ್' ಎಂದು ಕರೆದಳು. ಗ್ರಾಹಕರಿಗೆ ನೀನು ಅನ್ನಬಾರದು, ನೀವು ಅನ್ನಬೇಕು, 'ಉಸ್ತೆದ್' ಅನ್ನಿ. ಸ್ಪೇನಿನಲ್ಲಂತೂ 'ವೋಸ್' ಯಾರೂ ಆಡುವುದಿಲ್ಲ ಎಂದು ಅವನು ತಿದ್ದಿದ. ಇದನ್ನು ಅವಳು ತಕ್ಷಣ ಒಪ್ಪಿಕೊಂಡಳು. ಅಜ್ಜಿ ಹಟ ಹಿಡಿದು ಹಾಗೆ ಕರೆಸಿಕೊಂಡಿದ್ದಳು, ಅದೇ ಬಾಯಿಗೆ ಬಂತು ಎಂದಳು.

ಕೊನೆಗೆ ಅವನು ಒಂದು ಫಾರಂ ಮುಂದಿಟ್ಟ. ಕೆಲಸ ಸಿಕ್ಕ ಹಾಗೆಯೇ, ಮೂರು ತಿಂಗಳ ತರಬೇತಿ, ಸಹಿ ಹಾಕಿದರಾಯಿತು ಎಂದ. ವಿಮಲಾ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ನಿಧಾನವಾಗಿ ಓದಿದಳು. ತಾನು ಕಲಿತ ಸ್ಪ್ಯಾನಿಷ್ ದೋಷದ್ದು, ತಿದ್ದಿಕೊಳ್ಳಲು ಒಪ್ಪಿದ್ದೇನೆ ಎಂದಿತ್ತು. ಅವಳು ಪೆನ್ನು ಕೆಳಗಿಟ್ಟಳು.

"ಈ ದೋಷ ಅನ್ನೂದು ತಗೀರಿ."

"ಎಲ್ಲರಿಗೂ ಅದೇ ಫಾರಂ, ಮೇಡಂ. ಸುಮ್ಮನೆ ಸೈನ್ ಮಾಡಿ."

"ನಿಮಗ ಬೇಕಾದಂಗ ಮಾತಾಡ್ತೀನ್ರಿ. ನಾಲಿಗಿ ಹಲ್ಲಿನ ನಡುವ ಇಡು ಅಂದ್ರ ಇಡ್ತೀನಿ. ಆದ್ರ ಆಕಿ ಸಾಯೂ ಮುಂದ ನನ್ನ ಕೈ ಹಿಡದು ಆಡಿದ ಮಾತು ತಪ್ಪು ಅಂತ ನಾ ಬರದು ಕೊಡೂದಿಲ್ಲ."

ಸಹಿಯಿಲ್ಲದೆ ಕೆಲಸವಿಲ್ಲ, ಹೊರಗೆ ಇನ್ನೂ ಹನ್ನೊಂದು ಜನ ಕಾಯುತ್ತಿದ್ದಾರೆ ಎಂದು ರಘುನಂದನ್ ತಗ್ಗಿದ ದನಿಯಲ್ಲಿ ಹೇಳಿದ. ವಿಮಲಾ ಅವರನ್ನು ನೋಡಿಯೇ ಒಳಗೆ ಬಂದಿದ್ದಳು. ಪೆನ್ನನ್ನು ಎತ್ತಿಕೊಂಡು ದೋಷ ಎಂಬ ಪದವನ್ನು ಹೊಡೆದುಹಾಕಿದಳು. ಅದರ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ರೊಸಾರಿಯೊ' ಎಂದು ಬರೆದು, ಕೆಳಗೆ ಕನ್ನಡದಲ್ಲಿ ಸಹಿ ಮಾಡಿ ಅವನ ಕಡೆ ತಿರುಗಿಸಿದಳು.

ಹೊಸ ಫಾರಂ ತೆಗೆಯಲು ಡ್ರಾಯರಿಗೆ ಹೋದ ಅವನ ಕೈ ಅಲ್ಲೇ ನಿಂತಿತು. ಅವಳು ತಿದ್ದಿದ ಹಾಳೆಯನ್ನೇ ಫೈಲಿಗೆ ಸೇರಿಸಿದ. ಸೋಮವಾರ ಬೆಳಿಗ್ಗೆ ಏಳಕ್ಕೆ ಅವಳ ಮನೆಯಿದ್ದ ಮುನಿರ್ಕಾಕ್ಕೆ ಕ್ಯಾಬ್ ಬರುತ್ತದೆ, ಮೇಲಿನವರು ಏನಾದರೂ ಕೇಳಿದರೆ ತನಗೆ ಗೊತ್ತಿಲ್ಲ ಎಂದ.

"ಕೇಳಿದ್ರ ನನ್ನ ಕರೀರಿ," ಎಂದು ವಿಮಲಾ ಎದ್ದಳು.

ಕೆಳಗೆ ಬಸ್ ನಿಲ್ದಾಣದ ಬಿಸಿಲಲ್ಲಿ ಕೂತು ಚೀಲದಿಂದ ನೀರಿನ ಬಾಟಲಿ ತೆಗೆದಳು. ಮುಚ್ಚಳ ಒಂದೇ ಸಲಕ್ಕೆ ತಿರುಗಲಿಲ್ಲ. ಬಾಟಲಿಯನ್ನು ಮೊಣಕಾಲುಗಳ ನಡುವೆ ಬಿಗಿಯಾಗಿ ಹಿಡಿದು ತಿರುಗಿಸಿದಳು. ನೀರು ತುಳುಕಿ ಸೀರೆಯ ನೆರಿಗೆ ಒದ್ದೆಯಾಯಿತು. ಉಳಿದದ್ದನ್ನು ಅವಳು ಒಂದೇ ಉಸಿರಿಗೆ ಕುಡಿದಳು.