ಐಸ್ ಪೆಟ್ಟಿಗೆ ಯಾರದ್ದು

ಬಿಕೆನಿಬೇವು ಎಂಬ ದ್ವೀಪದೂರಿನ ದೊಡ್ಡ ರಸ್ತೆಗೆ ಅಂಟಿಕೊಂಡಂತೆ ಬುರೆಂಟಾಳ ಮನೆ. ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಅವಳ ಐಸ್ ಪೆಟ್ಟಿಗೆ. ಒಬ್ಬ ಆಳು ಕಾಲು ಚಾಚಿ ಮಲಗಬಹುದು, ಅಷ್ಟು ಉದ್ದ. ಬಿಳಿ ಬಣ್ಣ ಉಪ್ಪುಗಾಳಿಗೆ ಅಲ್ಲಲ್ಲಿ ಎದ್ದು ತುಕ್ಕು ಇಣುಕಿತ್ತು. ಹಗಲೂ ರಾತ್ರಿ ಗುಂಯ್ ಅನ್ನುತ್ತಿತ್ತು. ಗಂಡ ಯೊಟೇಬಾನ ಗೊರಕೆ ನಿಂತರೆ ಅವಳಿಗೆ ಎಚ್ಚರವಾಗುತ್ತಿರಲಿಲ್ಲ, ಪೆಟ್ಟಿಗೆಯ ಗುಂಯ್ ನಿಂತರೆ ಮಾತ್ರ ಧಡಕ್ಕನೆ ಎದ್ದು ಕೂರುತ್ತಿದ್ದಳು. ಅದಕ್ಕೆ ಯೊಟೇಬಾ, ಇವಳು ತನ್ನ ಬದಲು ಆ ಪೆಟ್ಟಿಗೆಯನ್ನೇ ಮದುವೆಯಾಗಬಹುದಿತ್ತು ಎಂದು ನೆರೆಯವರ ಮುಂದೆಲ್ಲ ಹೇಳಿ ನಗಿಸುತ್ತಿದ್ದ.

ಬೆಳಗಾದರೆ ರಸ್ತೆ ಬದಿಯಲ್ಲಿ ಟ್ಯೂನಾ ಮಾರುವ ಹೆಂಗಸರು ಬಕೆಟ್ ಹಿಡಿದು ಬಾಗಿಲಲ್ಲಿ ಹಾಜರು. ಐಸಿಲ್ಲದ ಮೀನು ಮಧ್ಯಾಹ್ನದೊಳಗೆ ನಾಯಿ ಪಾಲು. ಶಾಲೆ ಬಿಟ್ಟರೆ ಮಕ್ಕಳ ಸಾಲು. ತೆಂಗಿನ ನೀರಾ ಕಾಯಿಸಿ ಪಾಕ ಮಾಡಿ, ತೆಂಗಿನ ಹಾಲು ಬೆರೆಸಿ, ಉದ್ದನೆಯ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಡ್ಡೆ ಕಟ್ಟಿಸಿದ ಅವಳ ಕಂದು ಕ್ಯಾಂಡಿ ಅಂದರೆ ಆ ಬೀದಿಗೆ ಜೀವ. ಮೇಷ್ಟ್ರುಗಳೂ ಮಕ್ಕಳ ಹಿಂದೆ ನಿಂತು, ಬೇರೆ ಯಾರಿಗೋ ಒಯ್ಯುವವರ ಹಾಗೆ ಮುಖ ಮಾಡಿಕೊಂಡು ಕೊಳ್ಳುತ್ತಿದ್ದರು.

ಇದಕ್ಕೂ ಮೊದಲು ಅವಳು ಅಂಗಡಿ ಇಟ್ಟಿದ್ದಳು. ಅಕ್ಕಿ, ಸಕ್ಕರೆ, ಡಬ್ಬಿ ಮೀನು. ಗಂಡನ ಕಡೆಯವರು, ಅವಳ ಕಡೆಯವರು, ಎರಡೂ ಕಡೆ ಸೇರದಿದ್ದರೂ ಹೇಗೋ ನೆಂಟರಾದವರು, ಒಬ್ಬೊಬ್ಬರೇ ಬಂದು ಬುಬುಸಿ ಕೇಳಿದರು. ನೆಂಟನೊಬ್ಬ ಎದುರು ಕೂತು ಇದು ನನಗೆ ಬೇಕು ಅಂದರೆ ಅದೇ ಬುಬುಸಿ, ಅಲ್ಲಿಗೆ ಮುಗಿಯಿತು. ಇಲ್ಲ ಅನ್ನುವ ಹಾಗಿಲ್ಲ, ಕೊಡುವಾಗ ಮುಖ ಗಂಟಿಕ್ಕುವ ಹಾಗೂ ಇಲ್ಲ. ಅಂಗಡಿಯ ಕಪಾಟು ಮಾತ್ರ ಉಳಿಯಿತು. ಆಮೇಲೆ ಅದನ್ನೂ ಒಬ್ಬರು ಕೇಳಿದರು. ಅದಾದ ಮೇಲೆ ಹೊಲಿಗೆ ಯಂತ್ರ ತಂದಳು. ಅದು ಗಂಡನ ಚಿಕ್ಕಮ್ಮನ ಜೊತೆ ದೋಣಿ ಹತ್ತಿ ಹೋಯಿತು.

ಹಾಗಂತ ಬುಬುಸಿಯನ್ನು ಅವಳು ಬೈಯುವ ಹಾಗೂ ಇರಲಿಲ್ಲ. ಅವಳ ತಲೆಯ ಮೇಲಿನ ತಗಡು ಬುಬುಸಿಯಿಂದ ಬಂದದ್ದು. ಹೆರಿಗೆಯಲ್ಲಿ ಅವಳು ಸಾಯುವ ಹಾಗಾದಾಗ ಆಸ್ಪತ್ರೆಗೆ ಒಯ್ದ ಲಾರಿಯೂ ಹಾಗೇ ಬಂದದ್ದು. ಕೊಟ್ಟವರು ಯಾರೂ ಆಗ ಮುಖ ಸಣ್ಣ ಮಾಡಿರಲಿಲ್ಲ.

ಆ ವರ್ಷ ಹೆಂಗಸರ ವ್ಯಾಪಾರಕ್ಕೆಂದು ಒಂದು ತರಬೇತಿ ನಡೆಯಿತು. ದೂರದ ದೇಶದಿಂದ ಬಂದ ಒಬ್ಬಾಕೆ ಗೋಡೆಯ ಮೇಲೆ ಚಿತ್ರ ಬಿಟ್ಟು, ನೆಂಟರು ಕೇಳಿದಾಗ ನಗುನಗುತ್ತಾ ಇಲ್ಲ ಎನ್ನುವುದನ್ನು ಕಲಿಯಬೇಕು ಎಂದು ಹೇಳಿಕೊಟ್ಟಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆಯೂ, ತಾನೇನೋ ಒಳ್ಳೇ ಮಾತು ಹೇಳಿದೆ ಎಂದುಕೊಂಡು, ಜೊತೆಗೆ ನಕ್ಕಳು. ನಗದೆ ಕೂತಿದ್ದವಳು ತರಬೇತಿ ನಡೆಸಿದ ಕಚೇರಿಯ ತೆಮಾರಾ ಒಬ್ಬಳೇ. ಅವಳು ಇಲ್ಲಿಯವಳೇ. ಕೊನೆಯಲ್ಲಿ ಎದ್ದು ಒಂದೇ ಒಂದು ವಿಷಯ ಹೇಳಿದಳು. ಗಂಟೆಗಂಟೆಗೂ ಐಸ್ ಗಡ್ಡೆ ಉದುರಿಸುವ ದೊಡ್ಡ ಯಂತ್ರವೊಂದು ಹಡಗಿನಲ್ಲಿ ಬರುತ್ತಿದೆ. ಸ್ವಂತ ವ್ಯಾಪಾರ ನಡೆಸುತ್ತಿರುವ ಒಬ್ಬ ಹೆಂಗಸಿಗೆ ಅದು ಸಿಗುತ್ತದೆ. ತಾನು ಮನೆಗೇ ಬಂದು ನೋಡುವೆ, ಬಂದ ದಿನ ವ್ಯಾಪಾರ ಕಣ್ಣಿಗೆ ಕಾಣಬೇಕು, ಅಷ್ಟೇ.

ಹೊರಗೆ ಬರುವಾಗ ತೆಮಾರಾ ಬುರೆಂಟಾಳ ಭುಜ ತಟ್ಟಿದಳು. "ನಿಂಗೇ ಸಿಗೋದು ಅಂದ್ಕೊ. ನಾನ್ ಬರೋವರ್ಗೂ ಆ ಪೆಟ್ಗೆ ಒಂದು ಉಳ್ಸ್ಕೊ, ಸಾಕು."

ಬುರೆಂಟಾ ಮನೆಯವರೆಗೂ ನೆಲ ಮುಟ್ಟದೆ ನಡೆದಳು. ದೊಡ್ಡ ಯಂತ್ರ ಬಂದರೆ ದೋಣಿಗಳಿಗೇ ಐಸ್ ಕೊಡಬಹುದು, ಮೀನು ಹೆಂಗಸರು ಬೆಳಗಿನ ಜಾವದಿಂದ ಸಾಲು ನಿಲ್ಲಬೇಕಿಲ್ಲ, ಮಗಳನ್ನು ಓದಿಸಲು ಯಾರ ಮುಂದೆಯೂ ಹೋಗಿ ಕೂರಬೇಕಿಲ್ಲ. ಕೊನೆಯದನ್ನು ನೆನೆದು ಹೆಜ್ಜೆ ಇನ್ನಷ್ಟು ಬೇಗ ಹಾಕಿದಳು.

ಆ ವಾರವೇ ನಾದಿನಿ ರೂಟಾ ಓಡೋಡಿ ಬಂದಳು. ಊರಿನ ಸುದ್ದಿಯೆಲ್ಲ ಮೊದಲು ಅವಳ ಬಾಯಿಗೆ ಬಂದು ಆಮೇಲೆ ಬೇರೆಯವರ ಕಿವಿಗೆ ಹೋಗುತ್ತಿತ್ತು.

"ಅತ್ಗೆ, ದೊಡ್ಡಣ್ಣ ಅಬಯಾಂಗಿಂದ ಶನಿವಾರದ ದೋಣೀಲಿ ಬರ್ತವ್ನೆ. ಅವ್ರೂರಿಗೆ ಸೋಲಾರ್ ಬಂತಂತೆ. ನಿನ್ ಪೆಟ್ಗೆ ಕೇಳಕ್ಕೇ ಬರ್ತಿರೋದು."

ಬುರೆಂಟಾ ಕೈಯಲ್ಲಿದ್ದ ಪಾಕದ ಸೌಟು ಕೆಳಗಿಡಲಿಲ್ಲ. ಯಾರು ಹೇಳಿದ್ದು ಎಂದು ಕೇಳಿದಳು. ದೊಡ್ಡಣ್ಣನೇ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾನೆ, ಅಲ್ಲಿ ಪೆಟ್ಟಿಗೆ ಇಡಲು ಜಾಗವೂ ಗುಡಿಸಿಟ್ಟಿದ್ದಾರೆ ಎಂದಳು ರೂಟಾ.

ಸಂಜೆ ಗಂಡನಿಗೆ ಹೇಳಿದರೆ ಅವನು ತಲೆ ಕೆರೆದುಕೊಂಡ. ಆ ದೊಡ್ಡಣ್ಣ ತೆಬಾನೋ ಅವನಿಗೆ ಬರೀ ಅಣ್ಣ ಅಲ್ಲ, ಅಪ್ಪ ತೀರಿದ ಮೇಲೆ ಮೀನು ಹಿಡಿದು ಸಾಕಿದವನು. "ಅಣ್ಣ ಬಾಯ್ಬಿಟ್ಟು ಕೇಳಿದ್ಮೇಲೆ ಇನ್ನೇನೈತೆ ಬುರೆಂಟಾ. ಕೊಡ್ಲಿಲ್ಲ ಅಂದ್ರೆ ನಾನು ಸಮುದ್ರಕ್ಕೇ ಬೀಳ್ಬೇಕು." ಹೇಳಿದ್ದು ತಮಾಷೆಯಾಗಿ. ಆದರೆ ಅವನ ಕಣ್ಣಲ್ಲಿ ತಮಾಷೆ ಇರಲಿಲ್ಲ.

ಬುರೆಂಟಾ ಆ ರಾತ್ರಿ ಪೆಟ್ಟಿಗೆಯ ಸದ್ದು ಕೇಳುತ್ತಾ ಯೋಚಿಸಿದಳು. ಯಾರದ್ದನ್ನು ಕೇಳಬಾರದು? ಮಕ್ಕಳದ್ದನ್ನೂ ಕೇಳುತ್ತಾರೆ, ಸತ್ತವರದ್ದನ್ನೂ ಕೇಳುತ್ತಾರೆ. ದೇವರದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ. ಚರ್ಚಿನ ಬೆಂಚು, ಚರ್ಚಿನ ಲಾರಿ, ಚರ್ಚಿನ ಹಂದಿ ಕೂಡ ಊರೆಲ್ಲ ಅಡ್ಡಾಡಿ ತಿರುಗಿ ಅಲ್ಲೇ ಹೋಗುತ್ತದೆ. ಇಷ್ಟು ಸುಲಭದ್ದು ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ಕತ್ತಲಲ್ಲೇ ನಗು ಬಂತು.

ಶನಿವಾರ ತೆಬಾನೋ ಬಂದ. ದೊಡ್ಡ ಮೈಯ, ಸಣ್ಣ ದನಿಯ, ಸಿಟ್ಟು ಗೊತ್ತಿಲ್ಲದ ಮನುಷ್ಯ. ಬರಿಗೈಲಿ ಬಂದಿರಲಿಲ್ಲ, ಒಣಗಿಸಿದ ಮೀನಿನ ದೊಡ್ಡ ಬುಟ್ಟಿಯನ್ನೇ ಹೊತ್ತು ತಂದಿದ್ದ. ಕೇಳುವ ಮಾತಿಗೆ ತೂಕವಿರಲಿ ಎಂದು ಬೀದಿಯ ಹಿರಿಯ, ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಬಾಟಿರಿ ಅಜ್ಜನನ್ನೂ ಜೊತೆಗೆ ಕರೆತಂದಿದ್ದ. ಚಾಪೆ ಹಾಸಿ ಕೂತರು. ಅನ್ನ, ಮೀನು, ಎಳನೀರು ಆಯಿತು. ಗಾಳಿಯ ಮಾತು, ಮೀನಿನ ಮಾತು, ಯಾರ ಮಗಳು ಯಾರ ಮಗನ ಜೊತೆ ಓಡಿಹೋದಳೆಂಬ ಮಾತು ಆಯಿತು. ಆಮೇಲೆ ತೆಬಾನೋ ಬಾಯಿ ಒರೆಸಿಕೊಂಡು ನೆಲ ನೋಡುತ್ತಾ ಹೇಳಿದ.

"ಬುರೆಂಟಾ, ಆ ಐಸ್ ಪೆಟ್ಗೆ ನಂಗ್ ಬೇಕಿತ್ತಮ್ಮ."

ಬುರೆಂಟಾ ತಲೆ ತಗ್ಗಿಸಿ, ಕೈ ಕಟ್ಟಿ, ಹೇಳಬೇಕಾದ ಹಾಗೇ ಹೇಳಿದಳು.

"ಭಾವ, ನಂದಾಗಿದ್ರೆ ನೀವ್ ಕೇಳೋ ಮೊದ್ಲೇ ದೋಣಿಗೆ ಹಾಕಿಸ್ತಿದ್ದೆ. ಅದು ನಂದಲ್ಲ. ಚರ್ಚಿನ ಹೆಂಗಸ್ರ ಸಂಘದ್ದು. ನೋಡ್ಕೊಳಕ್ಕೆ ನನ್ಹತ್ರ ಇಟ್ಟವ್ರೆ."

ತೆಬಾನೋ, ದೇವರದ್ದು ಅಂದ ಮೇಲೆ ತಾನು ಕೇಳಿದ್ದೇ ತಪ್ಪು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಅವಳನ್ನೇ ಸಮಾಧಾನ ಮಾಡಿದ. ಮೀನಿನ ಬುಟ್ಟಿ ಬಿಟ್ಟೇ ಹೋದ. ಅವನ ಬೆನ್ನು ನೋಡಿದಾಗ ಬುರೆಂಟಾಳಿಗೆ ನಾಚಿಕೆಯೂ ಆಯಿತು, ಕುಣಿಯಬೇಕೆಂದೂ ಅನ್ನಿಸಿತು. ಗಂಡ ಅವಳನ್ನೇ ನೋಡಿದ. ಆಮೇಲೆ ಕಿಸಕ್ಕನೆ ನಕ್ಕ.

ಆದರೆ ಬಾಟಿರಿ ಅಜ್ಜ ಹೋಗಿರಲಿಲ್ಲ. ಅವನು ಎದ್ದು ಪೆಟ್ಟಿಗೆಯ ಹತ್ತಿರ ಹೋಗಿ, ಮುಚ್ಚಳ ತೆಗೆದು, ಒಳಗಿನ ತಣ್ಣನೆಯ ಹೊಗೆಗೆ ಮುಖವೊಡ್ಡಿ, ಕಣ್ಣು ಮುಚ್ಚಿಕೊಂಡು ನಿಂತಿದ್ದ. ಇಷ್ಟು ದಿನ ಇದು ನಮ್ಮದು ಅಂತ ಗೊತ್ತೇ ಇರಲಿಲ್ಲವಲ್ಲ ಎಂದು, ಚಿಕ್ಕ ಮಗುವಿನಷ್ಟು ಖುಷಿಯಿಂದ ಅಂದ.

ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೂ ಎಂದಿನಂತೆ ಮನೆಯಾಬಾದಲ್ಲಿ ಸೇರಿದರು. ಆ ದೊಡ್ಡ ಚಾವಡಿಯ ಗರಿಯ ಮಾಡು ಎಷ್ಟು ಇಳಿಜಾರೆಂದರೆ ಯಾರೇ ಆಗಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಅಲ್ಲಿ ಹಿರಿಯರ ಮುಂದೆ ಆಡಿದ ಮಾತು ಕಂಬ ನೆಟ್ಟ ಹಾಗೆ, ಮತ್ತೆ ಕೀಳಲು ಬರುವುದಿಲ್ಲ. ಬುರೆಂಟಾ ಹೆಂಗಸರ ಸಾಲಿನ ಹಿಂದೆ ಕೂತು ಮಗಳ ತಲೆಯ ಹೇನು ನೋಡುತ್ತಿದ್ದಳು. ಪಾದ್ರಿ ತನ್ನ ಹೆಸರು ಕೂಗಿದ್ದು ಮೊದಲು ಅವಳಿಗೆ ಕೇಳಲೇ ಇಲ್ಲ.

ಪಾದ್ರಿ ಒಳ್ಳೆಯ ಮನುಷ್ಯ. ಹೆಂಗಸರ ಸಂಘದ ಐಸ್ ಪೆಟ್ಟಿಗೆಯನ್ನು ಇಷ್ಟು ವರ್ಷ ಸದ್ದಿಲ್ಲದೆ, ಹೆಸರು ಬಯಸದೆ, ಕರೆಂಟಿನ ದುಡ್ಡನ್ನೂ ತಾನೇ ಕಟ್ಟಿ ಕಾಪಾಡಿದ ಈ ತಂಗಿಗೆ ದೇವರು ಒಳ್ಳೇದು ಮಾಡಲಿ ಎಂದ. ಹಬ್ಬ ಹತ್ತಿರ ಬರುತ್ತಿದೆ, ಮಾಂಸ ಕೆಡುವ ಚಿಂತೆ ತಪ್ಪಿತು, ಇನ್ನು ಅವಳಿಗೆ ಈ ಭಾರ ಬೇಡ, ಪೆಟ್ಟಿಗೆ ಇಲ್ಲಿಗೇ ಬರಲಿ ಎಂದ. ಸಂಘದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಗೊತ್ತಿತ್ತು. ಆದರೆ ನಮ್ಮದಲ್ಲ ಎಂದು ಎದ್ದು ನಿಂತು, ಪಾದ್ರಿಯ ಎದುರು ಅವಳನ್ನು ಸುಳ್ಳಿ ಮಾಡುವವರು ಯಾರು? ಎಲ್ಲರೂ ಚಪ್ಪಾಳೆ ತಟ್ಟಿದರು.

ಬುರೆಂಟಾ ಏನಾದರೂ ಮಾತಾಡಲಿ ಎಂದು ಬಾಟಿರಿ ಅಜ್ಜ ಹೇಳಿದ. ಅವಳು ಎದ್ದು ನಿಂತಳು. ಎದುರಿಗೆ ಗಂಡಸರ ಸಾಲಿನಲ್ಲಿ ತೆಬಾನೋ ಕೂತಿದ್ದ. ದೋಣಿ ಸೋಮವಾರ ಇದ್ದದ್ದರಿಂದ ಅವನು ಇನ್ನೂ ಊರು ಬಿಟ್ಟಿರಲಿಲ್ಲ. ಅವನ ಪಕ್ಕದಲ್ಲಿ ಯೊಟೇಬಾ, ಮುಖ ಬೂದಿ ಬಣ್ಣ. ನಿಜ ಹೇಳಿದರೆ ಪೆಟ್ಟಿಗೆ ಅವಳದ್ದು ಎಂದಾಗುತ್ತದೆ. ಅವಳದ್ದು ಎಂದಾದ ಕ್ಷಣವೇ ತೆಬಾನೋನದ್ದೂ ಆಗುತ್ತದೆ. ಗಂಡ ಈ ಜನ್ಮದಲ್ಲಿ ಇನ್ನೊಮ್ಮೆ ಈ ಮಾಡಿನ ಕೆಳಗೆ ಕೂರಲಾರ. ಹೇಳದಿದ್ದರೆ ಗಂಡ ಉಳಿಯುತ್ತಾನೆ. ಪೆಟ್ಟಿಗೆ ಎರಡರಲ್ಲೂ ಇಲ್ಲ. ಅವಳು ಹುಡುಕಿದಳು, ನಿಂತ ನಿಲುವಿನಲ್ಲೇ, ಮೂರನೆಯ ದಾರಿಗಾಗಿ, ಜನ ಕಾಯುತ್ತಿದ್ದರು.

"ಸಂಘದ್ದು ಸಂಘಕ್ಕೆ ಬಂತು," ಅಂದಳು. "ನಾನೇನು ದೊಡ್ಡದ್ ಮಾಡ್ಲಿಲ್ಲ."

ಮತ್ತೆ ಚಪ್ಪಾಳೆ. ತೆಬಾನೋ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಮಂಗಳವಾರ ಚರ್ಚಿನ ಲಾರಿ ಬಂತು. ಹುಡುಗರು ಹಾಡಿಕೊಂಡು ಪೆಟ್ಟಿಗೆ ಎತ್ತಿದರು. ಒಳಗಿದ್ದ ಐಸು, ಕ್ಯಾಂಡಿ ಎಲ್ಲ ಅವಳು ಬೀದಿ ಮಕ್ಕಳಿಗೆ ಹಂಚಿಬಿಟ್ಟಳು. ಅಷ್ಟು ಮಕ್ಕಳು ಒಟ್ಟಿಗೆ ನಗುವುದನ್ನು ಅವಳು ನೋಡಿದ್ದೇ ಅವತ್ತು. ಮರುದಿನ ಮೀನು ಹೆಂಗಸರು ಬಕೆಟ್ ಹಿಡಿದು ಬಂದು, ಬಾಗಿಲಲ್ಲಿ ನಿಂತು, ಒಳಗಿನ ಖಾಲಿ ಜಾಗ ನೋಡಿ ವಾಪಸ್ ಹೋದರು. ಒಬ್ಬಳು ಮಾತ್ರ, ಇಂಥ ಒಳ್ಳೇ ಬುದ್ಧಿ ನಿಂಗ್ಯಾಕ್ ಬೇಕಿತ್ತೇ ಎಂದು ಗೊಣಗಿದಳು.

ಹಬ್ಬ ಮುಗಿಯಿತು. ಕರೆಂಟಿನ ದುಡ್ಡು ಕಟ್ಟುವವರು ಯಾರೆಂದು ತೀರ್ಮಾನವಾಗದೆ ಪೆಟ್ಟಿಗೆಯ ಪ್ಲಗ್ಗು ಕಿತ್ತಿಟ್ಟರು. ಈಗ ಮನೆಯಾಬಾದ ಮೂಲೆಯಲ್ಲಿ ಅದರ ಮೇಲೆ ಮುದುಕರು ಕೂತು ಇಸ್ಪೀಟು ಆಡುತ್ತಾರೆ. ಬುರೆಂಟಾ ಒಂದು ಸಲ ಗುಡಿಸಲು ಹೋದವಳು ಮುಚ್ಚಳ ತೆಗೆದು ನೋಡಿದಳು. ಒಳಗೆ ಹಾಳಾದ ಹಂದಿಮಾಂಸದ ವಾಸನೆ. ಹೊರಗಿನ ತುಕ್ಕು ಒಳಗೂ ಇಳಿದಿತ್ತು. ಸುಮ್ಮನೆ ಮುಚ್ಚಿ ಬಂದಳು.

ಹೇಳಿದ ಹಾಗೆ ತೆಮಾರಾ ಬಂದಳು, ಕಚೇರಿಯ ಇಸ್ತ್ರಿ ಅಂಗಿ ಹಾಕಿಕೊಂಡು. ಬಾಗಿಲಲ್ಲೇ ನಿಂತು ನೆಲದ ಮೇಲಿನ ಉದ್ದನೆಯ ಬಿಳಿ ಗುರುತು ನೋಡಿದಳು. ಯಾರು ಕೇಳಿದರು ಎಂದಳು. ಬುರೆಂಟಾ ಎಲ್ಲ ಹೇಳಿದಳು. ಸಂಘದ್ದಾದರೆ ಬೇರೆ ಯೋಜನೆ, ಅದು ಇನ್ನೂ ಶುರುವಾಗಿಲ್ಲ, ಈ ಯಂತ್ರ ಒಬ್ಬಳೇ ನಡೆಸುವ ವ್ಯಾಪಾರಕ್ಕೆ ಮಾತ್ರ ಎಂದು ತೆಮಾರಾ ತನಗೇ ಹೇಳಿಕೊಳ್ಳುವಂತೆ ಹೇಳಿದಳು. ಆಮೇಲೆ ಚಾಪೆಯ ಮೇಲೆ ಕೂತಳು.

"ನಮ್ಮನೆ ಬಟ್ಟೆ ಒಗಿಯೋ ಮಷೀನು ಕಚೇರೀದು ಅಂತ ನಾನೂ ಹೇಳಿಟ್ಟಿದೀನಿ ಕಣೇ. ಆರು ವರ್ಷ ಆಯ್ತು, ಯಾರೂ ಮುಟ್ಟಿಲ್ಲ."

"ಕಚೇರಿಗೆ ಬಾಯಿಲ್ಲ ತೆಮಾರಾ," ಎಂದಳು ಬುರೆಂಟಾ. "ಅದು ಥ್ಯಾಂಕ್ಸ್ ಹೇಳಕ್ ಬರಲ್ಲ."

ಇಬ್ಬರೂ ನಕ್ಕರು. ನಗು ನಿಲ್ಲುವ ಹೊತ್ತಿಗೆ ತೆಮಾರಾ ಎದ್ದು ಹೊರಟಿದ್ದಳು. ಅವಳಿಗೆ ಅದೇ ದಿನ ಇನ್ನೂ ಯಾರ್‍ಯಾರದ್ದೋ ಮನೆ ನೋಡುವುದಿತ್ತು. ಯಂತ್ರ ಕೊನೆಗೆ ಯಾರಿಗೂ ಸಿಗಲಿಲ್ಲ, ಬಂದರಿನ ಗೋದಾಮಿನಲ್ಲೇ ಇದೆ ಎಂಬುದು ಆಮೇಲೆ ರೂಟಾ ಹೇಳಿದ ಸುದ್ದಿ.

ಆ ಸುದ್ದಿ ಹೇಳಲೆಂದೇ ಬಂದ ರೂಟಾ ಹೇಳಿಯಾದ ಮೇಲೂ ಏಳಲಿಲ್ಲ. ಬೀಸಣಿಗೆ ಬೀಸಿಕೊಂಡು ಕೂತಳು. ಸೆಕೆಯ ಮಾತಾಡಿದಳು. ಗಂಡನ ಕೆಮ್ಮಿನ ಮಾತಾಡಿದಳು. ಕೊನೆಗೆ ಗೋಡೆಯತ್ತ ನೋಡಿದಳು. ಪ್ಲಗ್ಗಿನಿಂದ ಇಳಿದು, ಪೆಟ್ಟಿಗೆ ಇದ್ದ ಜಾಗದವರೆಗೂ ನೆಲದ ಮೇಲೆ ಹಾವಿನ ಹಾಗೆ, ಅದಕ್ಕೆ ಕರೆಂಟು ಎಳೆದಿದ್ದ ಒಂದು ಉದ್ದನೆಯ ಎಕ್ಸ್‌ಟೆನ್ಷನ್ ವೈರು ಬಿದ್ದಿತ್ತು.

"ಅತ್ಗೆ, ಆ ವೈರು ನಂಗ್ ಬೇಕಿತ್ತು."

ಬುರೆಂಟಾ ಎದ್ದು ಪ್ಲಗ್ಗು ಕಿತ್ತಳು. ವೈರನ್ನು ಮೊಣಕೈಗೂ ಹೆಬ್ಬೆರಳಿಗೂ ಸುತ್ತಿ ಸುತ್ತಿ, ತುದಿ ಒಳಗೆ ಸಿಕ್ಕಿಸಿ, ಎರಡೂ ಕೈಯಿಂದ ಕೊಟ್ಟಳು. ಬೇಜಾರಿಲ್ಲ ತಾನೇ ಎಂದು ರೂಟಾ ಕೇಳಿದಳು. ಎಂಥ ಬೇಜಾರು ಎಂದು ನಕ್ಕಳು ಬುರೆಂಟಾ. ರೂಟಾ ರಸ್ತೆ ದಾಟಿ, ದೀವಿಹಲಸಿನ ಮರದ ಹಿಂದೆ ಮರೆಯಾಗುವವರೆಗೂ ಬಾಗಿಲಲ್ಲೇ ನಿಂತು, ಆ ನಗುವನ್ನು ಮುಖದಿಂದ ಜಾರಲು ಬಿಡಲಿಲ್ಲ.